ಆ್ಯಸಿಡ್ ಹಾಕದ ಸೋಮವಾರ

"ಇಷ್ಟ ಇಲ್ಲ ಅಂದ್ರೆ ಬಾಯಲ್ಲೇ ಹೇಳ್ಬಹುದಿತ್ತಲ್ರೀ ಶಿವಗಂಗಾ... ರಿಪೋರ್ಟಲ್ಲಿ ಯಾಕೆ ಹೇಳಿದ್ರಿ?"

ಪೀಣ್ಯದ ಆ ಪುಟ್ಟ ಲ್ಯಾಬಿನ ಬಾಗಿಲಲ್ಲಿ ರುದ್ರೇಶ್ ನಿಂತಿದ್ದ. ಪಕ್ಕದ ರಸ್ತೆಯ ನಿಕ್ಕಲ್ ಪ್ಲೇಟಿಂಗ್ ಫ್ಯಾಕ್ಟರಿಯ ಸೂಪರ್‌ವೈಸರ್. ಒಂದು ವರ್ಷದಿಂದ ಪ್ರತಿ ಸೋಮವಾರ ಫ್ಯಾಕ್ಟರಿಯ ಮೋರಿ ನೀರನ್ನು ಕ್ಯಾನಿನಲ್ಲಿ ಪರೀಕ್ಷೆಗೆ ತರುವವನು. ಹೋದ ವಾರ ಕ್ಯಾನ್ ಕೊಟ್ಟು, ಅದೇ ಉಸಿರಲ್ಲಿ "ನನ್ನ ಮದುವೆ ಆಗ್ತೀರಾ" ಅಂತ ಕೇಳಿ ಓಡಿಹೋದವನೂ ಇವನೇ.

ಉತ್ತರ ಕೊಡೋಕೆ ಲ್ಯಾಬಿನ ಕೆಮಿಸ್ಟ್ ಶಿವಗಂಗಾಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ಇನ್ನೊಬ್ಬ ಕೆಮಿಸ್ಟ್ ಕೆಲಸ ಬಿಟ್ಟು ಎರಡು ತಿಂಗಳು. ಇಬ್ಬರ ಕೆಲಸ, ಒಬ್ಬಳ ಮೈ.

"ನಿಮ್ಮ ನೀರಲ್ಲಿ ಸೀಸ ಇತ್ತು. ಬರೆದೆ."

"ನಾವು ಸೀಸ ಮುಟ್ಟೋದೇ ಇಲ್ಲ ಕಣ್ರೀ. ದುಡ್ಡು ತಗೊಂಡು ಹೊರಗಿನವರ ಕೊಳಚೆನ ನಮ್ಮ ಮೋರಿಗೆ ಬಿಡಿಸ್ಕೊಂಡಿದ್ದೀಯ ಅಂತ ಓನರ್ ನನ್ನ ಕಳ್ಳ ಅಂತಿದ್ದಾರೆ. ನಾಳೆಯಿಂದ ಬರ್ಬೇಡ ಅಂದ್ರು. ಇನ್ನೊಂದ್ಸಲ ನೋಡಿ."

"ನನ್ನ ಕೆಲಸ ನಂಗೆ ಗೊತ್ತು ರುದ್ರೇಶ್."

ದಣಿದವರ ಹತ್ತಿರ ನ್ಯಾಯ ಕೇಳಬಾರದು ನೋಡಿ, ಅವರಿಗೆ ಎಲ್ಲವೂ ಜಗಳದ ಹಾಗೇ ಕೇಳಿಸುತ್ತೆ. ಅವನು ಹೊರಟುಹೋದ.

ಒಬ್ಬರ ಹೊಟ್ಟೆ ಮೇಲೆ ಹೊಡೆಯೋಳಾ ನಾನು? ಇಷ್ಟೇನಾ ನನ್ನ ತಿಳ್ಕೊಂಡಿದ್ದು...

ಸಿಟ್ಟಿಗೇ ಹೋದ ವಾರ ಅವನು ತಂದಿದ್ದ ಕ್ಯಾನ್ ಎತ್ತಿಕೊಂಡಳು. ನೀರಿಗೆ ಆ್ಯಸಿಡ್ ಹಾಕಿ, ಅದರೊಳಗೆ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಹಾಯಿಸಿದಳು. ಸೀಸ ಇದ್ದರೆ ಈಗ ಕಪ್ಪಗೆ ತಳಕ್ಕಿಳಿಯಬೇಕು.

ಏನೂ ಇಳಿಯಲಿಲ್ಲ.

ಅಮೋನಿಯಾ ಹಾಕಿ ಮತ್ತೆ ಗ್ಯಾಸ್ ಹಾಯಿಸಿದಳು. ಆಗ ಇಳಿಯಿತು, ಕಪ್ಪಗೆ. ಅದು ನಿಕ್ಕಲ್. ಆ್ಯಸಿಡ್ ಇದ್ದಾಗ ಕರಗಿಕೊಂಡೇ ಇರುತ್ತೆ, ಇಲ್ಲದಿದ್ದರೆ ಸೀಸದ ಹಾಗೇ ಕಪ್ಪಗೆ ಬಂದು ಕೂರುತ್ತೆ. ಹೋದ ಸೋಮವಾರ ಅವಳು ಆ್ಯಸಿಡ್ಡೇ ಹಾಕಿರಲಿಲ್ಲ!

ಅಯ್ಯೋ ಶಿವನೇ, ಎಂಥ ಕೆಲಸ ಮಾಡ್ಬಿಟ್ಟೆ...

ಲ್ಯಾಬಿನ ಮಾಲೀಕ ಶ್ಯಾಮಣ್ಣನವರಿಗೆ ಎಲ್ಲಾ ಹೇಳಿ, ಹೊಸ ರಿಪೋರ್ಟ್ ಕೊಡ್ತೀನಿ ಅಂದಳು. ಅವರು ಬೇಡವೆಂದು ತಲೆಯಾಡಿಸಿದರು. "ತಪ್ಪಾಯ್ತು ಅಂತ ಬರ್ಕೊಟ್ರೆ ನಾಳೆ ನಮ್ಮ ಹತ್ರ ಯಾರಮ್ಮ ಬರ್ತಾರೆ? ಸುಮ್ನಿರು."

"ಆಗಲ್ಲ ಸಾರ್. ಒಬ್ಬರನ್ನ ಕಳ್ಳ ಮಾಡಿದೆ ನನ್ನ ಸಹಿ."

"ಹಂಗಾದ್ರೆ ನೀನೂ ನಾಳೆಯಿಂದ ಬರ್ಬೇಡ."

ಅವಳು ಹೊಸ ರಿಪೋರ್ಟಿಗೆ ಸಹಿ ಹಾಕಿ, ತಾನೇ ಒಯ್ದು ಫ್ಯಾಕ್ಟರಿ ಓನರ್ ಕೈಗೆ ಕೊಟ್ಟಳು. ಅವರು ಎರಡು ಸಲ ಓದಿ, "ನಾಳೆ ಬರೋಕೆ ಹೇಳಿ ಅವನಿಗೆ" ಅಂದರು.

ಚಿಕ್ಕಬಾಣಾವರದ ಬಸ್ಸಿಗೆ ಕಾಯುತ್ತಾ ರುದ್ರೇಶ್ ಸ್ಟಾಪಿನಲ್ಲಿ ಕೂತಿದ್ದ. ಅವಳು ಪಕ್ಕದಲ್ಲಿ ಕೂತು ಎಲ್ಲಾ ಹೇಳಿದಳು. ಅವನಿಗೆ ಸಮಾಧಾನವೂ ಆಯಿತು, ನಾಚಿಕೆಯೂ ಆಯಿತು.

"ಬೇಕಂತ್ಲೇ ಬರೆದಿದ್ದೀರ ಅಂದ್ಕೊಂಡೆ. ಕ್ಷಮಿಸ್ರೀ... ನಿಮ್ಮ ಕೆಲಸ?"

"ಹೋಯ್ತು."

ಬಸ್ ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.

"ಒಂದು ಕೇಳ್ಲಾ? ಅಷ್ಟು ಜೋಪಾನದವರು ನೀವು, ಆ್ಯಸಿಡ್ ಹೇಗ್ರೀ ಮರೆತ್ರಿ?"

ಅವಳು ತಲೆ ತಗ್ಗಿಸಿದಳು. "ನೀವು ಕೇಳಿ ಓಡಿಹೋದ್ರಿ. ನಾನು ಬಾಟಲಿ ಹಿಡ್ಕೊಂಡು ಹಂಗೇ ನಿಂತಿದ್ದೆ... ಎಷ್ಟು ಹೊತ್ತು ಅಂತ ಗೊತ್ತಿಲ್ಲ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಅವಳ ಕಡೆ ತಿರುಗಿ ಕೂತ.

"ಮನೆಗೆ ಬಂದು ಕೇಳ್ಲಾ?"

"ಭಾನುವಾರ ಬನ್ನಿ, ಅಮ್ಮಂಗೆ ಹೇಳಿರ್ತೀನಿ. ತುಂಬಾ ಸುಸ್ತಾಗಿದೆ ರುದ್ರೇಶ್... ನಾನು ಮಲಗಿದ್ರೆ ಎಬ್ಬಿಸ್ಬೇಡಿ."

"ಎಬ್ಬಿಸಲ್ಲ. ನೀವು ಏಳೋ ತನಕ ಕೂತಿರ್ತೀನಿ."