ಮೂಲೆಯ ಬಿಸ್ಕತ್ತು

ನಂಬಿದರೆ ನಂಬಿ. ನಮ್ಮತ್ತೆ ಬೆಣ್ಣೆ ಬಿಸ್ಕತ್ತು ಮಾಡಿದಾಗಲೆಲ್ಲ ಮೂಲೆಯದೊಂದನ್ನು ಬಿಸಿಯಿರುವಾಗಲೇ ಕಚ್ಚಿ, ಉಳಿದದ್ದನ್ನು ಟ್ರೇಯಲ್ಲೇ ಇಡುತ್ತಿದ್ದರು. "ಬೆಂದಿದೆಯಾ ಅಂತ ನೋಡ್ದೆ ಕಣೇ," ಅನ್ನುವುದೊಂದು ನೆಪ.

ಅವರು ಹೋಗಿ ಎರಡು ವರ್ಷವಾಯಿತು. ಈಗ ನಾನು ಮಾಡುತ್ತೇನೆ. ಓವನ್ ಬಾಗಿಲು ತೆರೆದರೆ ಬೆಣ್ಣೆಯ ಘಮದ ಜೊತೆಗೆ ತಣ್ಣನೆಯ ಗಾಳಿಯೊಂದು ಮುಖಕ್ಕೆ ತಾಗುತ್ತದೆ. ಮೂಲೆಯ ಬಿಸ್ಕತ್ತಿನ ಮೇಲೆ ಹಲ್ಲಿನ ಗುರುತಿರುತ್ತದೆ.

"ಅಮ್ಮನ ಬಾಯಿ ಚಪಲ ಇನ್ನೂ ತೀರಿಲ್ಲ ನೋಡು," ಎಂದು ನನ್ನ ಗಂಡ ನಗುತ್ತಾರೆ. ನನಗೂ ಹೆದರಿಕೆಯಿಲ್ಲ, ಅಡುಗೆಮನೆಯಲ್ಲಿ ಜೊತೆಯಿದ್ದಂತೆ ಹಾಯೆನಿಸುತ್ತದೆ.

ಇವತ್ತು ಮಧ್ಯಾಹ್ನ ಎರಡು ಬಿಸ್ಕತ್ತುಗಳಲ್ಲಿ ಗುರುತಿತ್ತು. ಎರಡನೆಯದರಲ್ಲಿ ಮುಂದಿನ ಹಲ್ಲೊಂದರ ಜಾಗ ಖಾಲಿ. ಮೊನ್ನೆಯಷ್ಟೇ ನಾನು ಮುಂದಿನ ಹಲ್ಲು ಕೀಳಿಸಿಕೊಂಡಿದ್ದೇನೆ.

ನಾನಿನ್ನೂ ಒಂದನ್ನೂ ಬಾಯಿಗಿಟ್ಟಿರಲಿಲ್ಲ. ನಾಲಿಗೆ ಮಾತ್ರ ಸುಟ್ಟು ಚುರುಗುಟ್ಟುತ್ತಿತ್ತು.