ಹೊಳೆಯ ಮುಚ್ಚಳ

ಮಧ್ಯಾಹ್ನ ಅಣೆಕಟ್ಟಿನ ಬಾಗಿಲು ತೆರೆಯುತ್ತಾರೆ. ಅಷ್ಟರೊಳಗೆ ಕಣಿವೆ ದಾಟಿ, ಸೇತುವೆಯ ನಡುಗಂಬದ ಬುಡ ನೋಡಬೇಕು. ಹೊರಟವರು ಮೂವರೇ: ಇಂಜಿನಿಯರ್ ಅಕ್ಕ, ಮುಳುಗು ಹಾಕುವ ಅವಳ ತಮ್ಮ, ಹುಟ್ಟು ಹಾಕುವ ಭಾವ, ಅಂದರೆ ಅಕ್ಕನ ಗಂಡ. ಸಂಜೆ ಆ ಸೇತುವೆ ಮೇಲೆ ಶಾಲೆಯ ಬಸ್ಸು ಬರುತ್ತದೆ. ಅದರಲ್ಲಿ ಅಕ್ಕನ ಮಗಳಿರುತ್ತಾಳೆ.

ಕಣಿವೆಯ ಬಂಡೆಗಳು ಎರಡೂ ಕಡೆಯಿಂದ ಹೊಳೆಯನ್ನು ಒತ್ತಿ ನಿಂತಿದ್ದವು. ಅಣೆಕಟ್ಟು ಬಂದಮೇಲೆ ಮೇಲಿನಿಂದ ಮರಳು ಬರುವುದೇ ನಿಂತಿತ್ತು. ಹಸಿದ ನೀರು ಸುಮ್ಮನಿರುತ್ತದೆಯೇ? ತನ್ನ ತಳವನ್ನೇ ಕೆರೆದು ತಿಂದಿತ್ತು. ಮರಳು, ಸಣ್ಣ ಕಲ್ಲು ಎಲ್ಲ ಕೊಚ್ಚಿಹೋಗಿ, ಅಲುಗದ ದಪ್ಪ ಕಲ್ಲುಗಳಷ್ಟೇ ಉಳಿದು, ಅಡಿಯ ಮರಳಿಗೆ ಮುಚ್ಚಳವಾಗಿದ್ದವು. ಆ ಮುಚ್ಚಳ ಗಟ್ಟಿಯಿದ್ದರೆ ಕಂಬಕ್ಕೆ ಭಯವಿಲ್ಲ.

ಸೆಳವಿಗೆ ದೋಣಿ ಗಿರ್ರನೆ ತಿರುಗಿತು. ಭಾವ ಹುಟ್ಟನ್ನು ಬಂಡೆಗೆ ಒತ್ತಿದ. ಮೂವರೂ ತೊಯ್ದು ತೊಪ್ಪೆಯಾದರು.

ಕಂಬದ ಬಳಿ ತಮ್ಮ ಮುಳುಗಿ ಎದ್ದ. ಒಂದು ಕಡೆ ಕಲ್ಲುಗಳೇ ಇಲ್ಲ, ಗುಂಡಿ ಬಿದ್ದಿದೆ, ಮರಳು ಸುರಿದುಹೋಗುತ್ತಿದೆ ಎಂದ.

ಅಕ್ಕನ ಮುಖ ಬಿಳಿಚಿತು. ಹೋದ ತಿಂಗಳು ಅಳತೆಗೆಂದು ಅಲ್ಲಿನ ಕಲ್ಲುಗಳನ್ನು ತೆಗೆಸಿ, ಹಳದಿ ಗುರುತು ಹಾಕಿ, ದಡದಲ್ಲಿ ಗುಡ್ಡೆ ಹಾಕಿಸಿದ್ದವಳು ಅವಳೇ.

"ಹೊಳೆ ತಾನೇ ತುಂಬಿಸ್ಕೊಳ್ಳುತ್ತೆ ಅಂದ್ಕೊಂಡೆ," ಅಂದಳು. "ಮೇಲಿಂದ ಬರೋಕೆ ಏನಿದೆ ಈಗ?"

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯ್ತು ಎಂದು ಗೊಣಗುತ್ತಲೇ ಭಾವ ಗುಡ್ಡೆಯತ್ತ ದೋಣಿ ತಿರುಗಿಸಿದ.

ಕಲ್ಲು ತುಂಬಿದರು. ಬುಟ್ಟಿಯಲ್ಲಿ ಇಳಿಸಿದರು. ತಮ್ಮ ತಳದಲ್ಲಿ ಒಂದಕ್ಕೊಂದು ಒತ್ತಿ ಕೂರಿಸಿದ. ಅವನ ಬೆರಳುಗಳು ಸೆಟೆದುಹೋದವು.

ದೂರದಲ್ಲಿ ಸೈರನ್ ಕೂಗಿತು. ಇನ್ನೂ ಒಂದು ಬುಟ್ಟಿ ಉಳಿದಿತ್ತು. ಅಕ್ಕ ಮೇಲೆ ಬಾ ಎಂದು ತಮ್ಮನ ಸೊಂಟಕ್ಕೆ ಕಟ್ಟಿದ್ದ ಹಗ್ಗ ಜಗ್ಗಿದಳು. ಅವನು ಬುಟ್ಟಿ ಬೇಕೆಂದು ತಿರುಗಿ ಜಗ್ಗಿದ. ಕೊಟ್ಟಳು. ಅವನು ಎದ್ದ ಮೇಲೆ ದೋಣಿ ದಡಕ್ಕೆ ತಂದು, ಅವನನ್ನು ಬಂಡೆಗೆ ಎಳೆದುಕೊಳ್ಳುವಷ್ಟರಲ್ಲಿ ನೀರು ಬಂದೇಬಿಟ್ಟಿತು.

ಅಕ್ಕ ಹುಟ್ಟಿನ ತುದಿಯನ್ನು ಹೊಳೆಯ ತಳಕ್ಕೆ ಊರಿ, ಹಿಡಿಗೆ ಕಿವಿಯಿಟ್ಟಳು. ಕಲ್ಲುರುಳುವ ಗುಡುಗುಡು ಕೇಳಿತು. ಕೂರಿಸಿದ ಕಲ್ಲುಗಳೇ ಇರಬಹುದೆಂದು ಕಿವಿಯನ್ನು ಇನ್ನೂ ಒತ್ತಿದಳು. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು.

"ಸರಿಹೋಯ್ತಲ್ಲ, ಬಸ್ಸು ಬಿಡಬಹುದಾ?" ಭಾವ ಕೇಳಿದ.

"ಇಲ್ಲ. ಕಲ್ಲು ಕೂತ್ವೋ, ಕೊಚ್ಚಿಹೋದ್ವೋ, ಕಣ್ಣಾರೆ ನೋಡೋವರೆಗೂ ಇಲ್ಲ."

ಮಕ್ಕಳು ಆ ರಾತ್ರಿ ಶಾಲೆಯಲ್ಲೇ ಮಲಗಿದರು. ಬೈಗುಳವೆಲ್ಲ ಅಕ್ಕನ ಪಾಲಿಗೆ ಬಂತು.

ಬೆಳಿಗ್ಗೆ ನೀರು ಇಳಿಯಿತು. ತಮ್ಮ ಮುಳುಗಿ ಬಂದು, ಹಳದಿ ಕಲ್ಲುಗಳು ಇಟ್ಟಲ್ಲೇ ಇವೆ ಎಂದ. ಬಸ್ಸು ಸೇತುವೆ ಹತ್ತಿತು. ಮಗಳು ಕಿಟಕಿಯಿಂದ ಸಿಟ್ಟಿನಲ್ಲಿ ನಾಲಿಗೆ ಚಾಚಿದಳು. ಹಿಂದಿನ ಚಕ್ರ ದಡ ಮುಟ್ಟಿದ ಮೇಲೆ ಅಕ್ಕನೂ ನಾಲಿಗೆ ಚಾಚಿದಳು.