ಗುಂಡು ಬಂದ ದಾರಿ

ಯಂತ್ರದ ತೋಳು ಮಲಕಪ್ಪನ ಎಡಭುಜದ ಮೇಲೆ ಮೆಲ್ಲಗೆ ಸರಿದು ನಿಂತಿತು. "ಕಚಗುಳಿ ಆಗ್ತದಲ್ಲವ್ವ!" ಎಂದು ಎಪ್ಪತ್ತೆಂಟರ ಮುದುಕ ನಕ್ಕ. ಯಂತ್ರವನ್ನು ಕಂಡುಹಿಡಿದ ಡಾಕ್ಟರ್ ಮಹಾನಂದಾ ಅವನ ಒಬ್ಬಳೇ ಮಗಳು. "ಅಳ್ಳಾಡಬ್ಯಾಡಪ್ಪ" ಎಂದು ಗದರಿದಳು.

ಅದು 2061ನೆಯ ಇಸವಿ. ಭೀಮಾ ತೀರದ ಆ ತಾಲ್ಲೂಕಿನಲ್ಲಿ ಗುಂಡೇಟು ತಿಂದು ಬದುಕಿದವರನ್ನೆಲ್ಲ ಮಹಾನಂದಾ ಪರೀಕ್ಷಿಸುತ್ತಿದ್ದಳು. ಗುಂಡು ಹೊಕ್ಕ ದಾರಿಯಲ್ಲಿ ಸೀಸದ, ಸಿಡಿಮದ್ದಿನ ಸೂಕ್ಷ್ಮ ಕಣಗಳು ಉಳಿದುಬಿಡುತ್ತವೆ. ಗಾಯ ಮಾಗಿ ದಶಕಗಳಾಗಿದ್ದರೂ ಯಂತ್ರ ಅವನ್ನು ಹುಡುಕಿ, ಗುಂಡು ಎಷ್ಟು ದೂರದಿಂದ, ಯಾವ ಎತ್ತರದಿಂದ ಬಂತೆಂದು ಹೇಳುತ್ತಿತ್ತು. ಈವರೆಗೆ ನೋಡಿದ ಇನ್ನೂರ ಹನ್ನೆರಡು ಮಂದಿಯಲ್ಲಿ ನೂರ ಮೂವತ್ತು ಜನರಿಗೆ ಗುಂಡು ತಗುಲಿದ್ದು ನಾಲ್ಕು ಅಡಿಯೊಳಗೆ, ಬಹುಪಾಲು ಅವರವರ ಮನೆಯಲ್ಲೇ. ವೈರಿಯ ಭಯಕ್ಕೆ ತಂದಿಟ್ಟ ನಾಡಪಿಸ್ತೂಲು ಮನೆಯವರನ್ನೇ ಹೊಡೆದಿತ್ತು.

ಅಪ್ಪನದು ಮಾತ್ರ ಹಾಗಲ್ಲವೆಂದು ಅವಳು ನಂಬಿದ್ದಳು. ಜೋಳದ ಬೆಳೆಯ ಮರೆಯಿಂದ ಯಾರೋ ಹೊಡೆದರು, ಮುಖ ಕಾಣಲಿಲ್ಲ ಎಂದೇ ಅವನು ನಲವತ್ತೆರಡು ವರ್ಷ ಹೇಳಿಕೊಂಡು ಬಂದಿದ್ದ. ಮೇಲೆತ್ತಲಾಗದ ಆ ಕೈಯನ್ನು ನೋಡುತ್ತ ಬೆಳೆದದ್ದಕ್ಕೇ ಅವಳು ಡಾಕ್ಟರಾದದ್ದು.

ಪರದೆಯ ಮೇಲೆ ಅಕ್ಷರಗಳು ಮೂಡಿದವು. ದೂರ ಎರಡು ಅಡಿ. ಕೆಳಗಿನಿಂದ ಮೇಲಕ್ಕೆ. ಹೊಡೆದವರ ಎತ್ತರ ಮೂರಡಿಯ ಆಸುಪಾಸು.

ಆಗ ಅವರ ಮನೆಯಲ್ಲಿ ಅಷ್ಟು ಎತ್ತರದವರು ಒಬ್ಬರೇ ಇದ್ದರು.

"ಅಪ್ಪಾ... ನಾನಾ?"

ಮಲಕಪ್ಪ ನಿಧಾನವಾಗಿ ಅಂಗಿಯ ಗುಂಡಿ ಹಾಕಿಕೊಂಡ. "ನಿನಗ ನಾಕ ವರ್ಷ. ನನ್ನ ಜೋಡಿ ಕೌದಿ ಮಡಚಾಕ ಬಂದಿ. ದಿಂಬಿನ ಕೆಳಗಿನ ಪಿಸ್ತೂಲು ನಿನ್ನ ಕೈಗೆ ಸಿಕ್ತು. ಸಪ್ಪಳಕ್ಕ ಹೆದರಿ ಎರಡ ದಿನ ಮಾತ ಆಡಲಿಲ್ಲ. ಮೂರನೇ ದಿನ 'ಅಪ್ಪಾ, ರೊಟ್ಟಿ' ಅಂದಿ. ನೀ ಮರ್ತಿ ಅಂತ ನಾನೂ ಮರ್ತೆ."

ಅವಳ ಕಣ್ಣು ತುಂಬಿ ಬಂತು. ದಾಖಲೆಯಲ್ಲಿ 'ಹೊಡೆದವರು ಯಾರು' ಎಂಬಲ್ಲಿ ತನ್ನ ಹೆಸರು ಬರೆಯಹೋದಾಗ ಮುದುಕ ಅವಳ ಕೈ ಹಿಡಿದುಕೊಂಡ.

"ಹುಚ್ಚಿ, ಗುಂಡು ತುಂಬಿ ಇಟ್ಟಾಂವ ನಾನು. ನನ್ನ ಹೆಸರು ಬರಿ."

ಅವಳು ಆ ಪ್ರಶ್ನೆಯನ್ನೇ ಅಳಿಸಿ, 'ತುಂಬಿಟ್ಟವರು ಯಾರು' ಎಂದು ಬರೆದಳು. ಅದನ್ನು ಹಿಡಿದುಕೊಂಡು ಇನ್ನೂರ ಹನ್ನೆರಡು ಮನೆಗಳಿಗೂ ಮತ್ತೆ ಹೋದಳು. ಮೊದಲು ಬೈದರು, ಆಮೇಲೆ ಅತ್ತರು. ವರ್ಷ ತುಂಬುವುದರೊಳಗೆ ಜನ ತಾವಾಗಿಯೇ ಪಿಸ್ತೂಲುಗಳನ್ನು ತಂದು ಆಸ್ಪತ್ರೆಯ ಮೇಜಿನ ಮೇಲಿಟ್ಟರು.

ಎಲ್ಲರೂ ಯಂತ್ರವನ್ನು ಹೊಗಳಿದರು. ಮಹಾನಂದಾಳಿಗೆ ಮಾತ್ರ ಒಂದು ಕೊರಗು ಉಳಿದೇ ಹೋಯಿತು. 'ತುಂಬಿಟ್ಟವರು ಯಾರು' ಎಂದು ಕೇಳುವುದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ. ನಲವತ್ತು ವರ್ಷ ಹಿಂದೆಯೇ ಯಾರಾದರೂ ಕೇಳಬಹುದಿತ್ತು.